ಅಡಿಗೆ ಎಷ್ಟು ವರ್ಷ?

ನಮ್ಮ ಕಡೆ ನೆಲ ಅಗೆಯುವಾಗ ಒಂದು ಮಡಕೆಯ ಚೂರೋ ಹಳೆಯ ಇಟ್ಟಿಗೆಯೋ ಸಿಕ್ಕಿತೆಂದರೆ ಸುತ್ತ ನಿಂತವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಆಳದಲ್ಲಿ ಸಿಕ್ಕಿತು?" ಎಂಬುದು. ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎರಡು ಅಡಿಯಾದರೆ ಅಜ್ಜನ ಕಾಲದ್ದು, ಐದು ಅಡಿಯಾದರೆ ವಿಜಯನಗರದ ಅರಸರದ್ದು, ಹತ್ತು ಅಡಿ ದಾಟಿತೆಂದರೆ ಪಾಂಡವರದ್ದು ಎಂದು ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ. ಈ ಲೆಕ್ಕಕ್ಕೆ ಶಾಸ್ತ್ರದ ಮುದ್ರೆಯನ್ನೂ ಒತ್ತಿ, "ಅಡಿಗೆ ಇನ್ನೂರೈವತ್ತು ವರ್ಷ" ಎಂದು ಭಾಷಣಗಳಲ್ಲಿ ಹೇಳುವವರನ್ನು ನಾನು ಕೇಳಿದ್ದೇನೆ. (ತಲೆಬರಹವನ್ನು ನೋಡಿ ಅಡುಗೆಯ ವಿಷಯವೆಂದು ತಿಳಿದು ಬಂದ ನನ್ನ ತಂಗಿಯರು ಮನ್ನಿಸಬೇಕು.)

ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಮಾತು ಸುಳ್ಳೇನಲ್ಲ. 1669ರಲ್ಲಿ ನಿಕೋಲಸ್ ಸ್ಟೆನೋ ಎಂಬ ವಿದ್ವಾಂಸ ಶಿಲಾಪದರಗಳ ವಿಷಯದಲ್ಲಿ ಈ ನಿಯಮವನ್ನು ಬರೆದಿಟ್ಟ. ಭೂವಿಜ್ಞಾನವೂ ಪುರಾತತ್ತ್ವವೂ ಇಂದಿಗೂ ಅದರ ಮೇಲೆಯೇ ನಿಂತಿವೆ. ಆದರೆ ಪದರಗಳು ಹಾಸಿದಂತೆಯೇ ಅಲುಗಾಡದೆ ಉಳಿದಿದ್ದರೆ ಮಾತ್ರ ಅದು ನಡೆಯುತ್ತದೆ. ಮತ್ತು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಎಷ್ಟು ಮೊದಲು ಎಂಬುದನ್ನು ಹೇಳುವುದಿಲ್ಲ. ಒಂದು ಅಡಿ ಮಣ್ಣು ಸಾವಿರ ವರ್ಷಗಳಲ್ಲಿ ಕೂಡಬಹುದು, ಒಂದೇ ರಾತ್ರಿಯ ನೆರೆಯಲ್ಲಿಯೂ ಕೂಡಬಹುದು. ಕೂಡಿದ್ದು ಕೊಚ್ಚಿಹೋಗಲೂಬಹುದು.

ಆಳವನ್ನೇ ಕಾಲವೆಂದು ನಂಬಿದವರಲ್ಲಿ ನಮ್ಮೂರಿನವರು ಮಾತ್ರವಿಲ್ಲ ಎಂಬುದನ್ನು ಹೇಳಿಬಿಡಬೇಕು. ಮೊಹೆಂಜೊದಾರೊದಂತಹ ಮಹಾನಗರವನ್ನು ಅಗೆದಾಗಲೂ ವಸ್ತುಗಳನ್ನು ಅವು ಸಿಕ್ಕ ಪದರದಿಂದ ಗುರುತಿಸದೆ, ಒಂದು ನಿಶ್ಚಿತ ಮಟ್ಟದಿಂದ ಎಷ್ಟು ಅಡಿ ಕೆಳಗೆ ಎಂಬ ಅಳತೆಯಿಂದಲೇ ಬರೆದಿಟ್ಟರು. 1944ರಲ್ಲಿ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕರಾಗಿ ಬಂದ ಮಾರ್ಟಿಮರ್ ವೀಲರ್ ಈ ಕ್ರಮವನ್ನು ಬಹಳ ಕಟುವಾಗಿ ಟೀಕಿಸಿದರು. ಪಟ್ಟಣದ ನೆಲ ತಟ್ಟೆಯಂತೆ ಸಮನಾಗಿರುವುದಿಲ್ಲ. ದಿನ್ನೆಯ ಮೇಲಿನ ಮನೆಯೂ ತಗ್ಗಿನಲ್ಲಿನ ಮನೆಯೂ ಒಂದೇ ದಿನ ಕಟ್ಟಿದವಾಗಿರಬಹುದು. ಅವರು ತರಬೇತಿ ಕೊಟ್ಟ ಪದ್ಧತಿಯಲ್ಲಿ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕಗಳ ನಡುವೆ ಅಗೆಯದ ಗೋಡೆಗಳನ್ನು ಬಿಡುತ್ತಾರೆ. ಆ ಗೋಡೆಯ ಮುಖವನ್ನು ಸವರಿ, ಬಣ್ಣ, ಹದ, ಕಾಳಿನ ಗಾತ್ರಗಳನ್ನು ನೋಡಿ ಪದರಗಳ ಗೆರೆ ಎಳೆಯುತ್ತಾರೆ. ನಮ್ಮ ನಾಡಿನಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದದ್ದು 1947ರಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ. ಅಶೋಕನ ಶಾಸನವಿರುವ ಬ್ರಹ್ಮಗಿರಿಯೇ. ನಯಗೊಳಿಸಿದ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅವರ ಮೇಲೆ ಸಾತವಾಹನರ ಕಾಲ ಎಂದು ಮೂರು ಸಂಸ್ಕೃತಿಗಳ ಅನುಕ್ರಮ ಅಲ್ಲಿ ತಿಳಿಯಿತು. ಹತ್ತನೆಯ ತರಗತಿಗೆ ಇದನ್ನು ನಾನು ಪ್ರತಿವರ್ಷ ಪಾಠ ಮಾಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಪಾಠಪುಸ್ತಕದಲ್ಲಿ ಇಲ್ಲದ ಭಾಗ ಮುಂದಿನದು. ವೀಲರ್ ಕಂಡುಕೊಂಡ ಅನುಕ್ರಮ ಇಂದಿಗೂ ಸರಿಯಾಗಿಯೇ ನಿಂತಿದೆ. ಆದರೆ ಕಾಲ? ಮೇಲಿನ ಪದರಗಳಿಗೆ ರೋಮನ್ ವ್ಯಾಪಾರದ ಆಧಾರವಿತ್ತು. ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿನಾಣ್ಯವೇ ಸಿಕ್ಕಿತ್ತು. ಅಲ್ಲಿಂದ ಕೆಳಕ್ಕೆ ಅವರು ಅಂದಾಜಿನಿಂದಲೇ ಇಳಿಯಬೇಕಾಯಿತು, ಏಕೆಂದರೆ ಇಂಗಾಲದ ಕಾಲನಿರ್ಣಯ ಇನ್ನೂ ಹುಟ್ಟಿರಲಿಲ್ಲ. ಲಿಬ್ಬಿ ಅದನ್ನು ಪ್ರಕಟಿಸಿದ್ದು 1949ರಲ್ಲಿ. ಶಿಲಾಸಮಾಧಿಯ ಜನರು ಅಲ್ಲಿಗೆ ಬಂದದ್ದು ಕ್ರಿ.ಪೂ. 200ರ ಆಸುಪಾಸಿನಲ್ಲಿ ಎಂದು ವೀಲರ್ ಬರೆದರು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಇಂದಿನ ಹಾವೇರಿ ಜಿಲ್ಲೆಯ ಹಳ್ಳೂರನ್ನು ಅಗೆದರು. ಅಲ್ಲಿನ ಇದ್ದಿಲನ್ನು ಪರೀಕ್ಷಿಸಿದಾಗ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೆ ಹೋಯಿತು. ಕಲ್ಲುಕೊಡಲಿಯ ಜನರ ಕಾಲವಂತೂ ಇಂದು ಕ್ರಿ.ಪೂ. 3000ದ ಸುಮಾರಿನಿಂದ ಆರಂಭವಾಗುತ್ತದೆ. ಅಡಿಯ ಲೆಕ್ಕವನ್ನು ಅಷ್ಟು ಕಟುವಾಗಿ ಟೀಕಿಸಿದ ಪಂಡಿತನ ಅಂದಾಜಿಗೂ ಹಲವು ಶತಮಾನಗಳು ನುಣುಚಿಕೊಂಡವು. ಮಣ್ಣಿನ ದಪ್ಪದೊಳಗೆ ಎಷ್ಟು ಕಾಲ ಅಡಗಿದೆ ಎಂಬುದು ಅಷ್ಟು ಕಠಿಣವಾದ ಪ್ರಶ್ನೆ. ಅದೂ ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರು ಮಳೆ ಬೀಳುವ ಒಣನೆಲದಲ್ಲಿ. ಮೂರೂವರೆ ಸಾವಿರವನ್ನು ಮೀರಿ ಮಳೆ ಸುರಿಯುವ, ಒಂದು ಕಡೆ ಕಡಲೂ ಇನ್ನೊಂದು ಕಡೆ ಹೊಳೆಯೂ ಇರುವ ನಮ್ಮ ಕೋಡಿಯ ಪಾಡೇನು?

ಇದಕ್ಕೆ ಉತ್ತರ ನನಗೆ ಪುಸ್ತಕದಿಂದ ದೊರೆಯಲಿಲ್ಲ. ನಮ್ಮ ಶಾಲೆಯಲ್ಲಿ ಓದಿ, ಮುಂದೆ ಪುರಾತತ್ತ್ವವನ್ನೇ ವ್ಯಾಸಂಗ ಮಾಡಿ, ಹಲವು ಉತ್ಖನನಗಳಲ್ಲಿ ದುಡಿದ ಶಿಷ್ಯನೊಬ್ಬನಿದ್ದಾನೆ. ಹೆಸರು ಬರೆಯಬಾರದೆಂದು ಅವನ ಆಜ್ಞೆ. ಅವನ ಸಹಪಾಠಿಗಳಿಗೆ ಹೇಳದೆಯೇ ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಮಳೆಗಾಲ ಮುಗಿದ ಹೊಸತರಲ್ಲಿ ಅವನು ನಮ್ಮ ಮನೆಗೆ ಬಂದಿದ್ದ. ಆ ವರ್ಷ ಕಡಲ್ಕೊರೆತ ಜೋರಾಗಿತ್ತು. ದಂಡೆ ಆಳೆತ್ತರಕ್ಕೆ ಕಡಿದು, ಚಾಕುವಿನಲ್ಲಿ ಕೊಯ್ದ ಹಾಲುಬಾಯಿಯ ಹಾಗೆ ನಿಂತಿತ್ತು. ಕಾಫಿ ಕುಡಿದವನೇ, "ಸರ್, ಇಷ್ಟು ಒಳ್ಳೆಯ ಗೋಡೆ ನಮಗೆ ಅಗೆದರೂ ಸಿಗುವುದಿಲ್ಲ, ಬನ್ನಿ" ಎಂದು ನನ್ನನ್ನು ಎಬ್ಬಿಸಿಕೊಂಡು ಹೊರಟ. ಚೀಲದಿಂದ ಕರಣಿಯೊಂದನ್ನು ತೆಗೆದು ದಂಡೆಯ ಮುಖವನ್ನು ಮೆಲ್ಲನೆ ಸವರಿದ. ಅರ್ಧ ಗಂಟೆಯಲ್ಲಿ ಬರಿಯ ಹೊಯ್ಗೆಯೆಂದು ನಾನು ತಿಳಿದಿದ್ದ ಗೋಡೆಯಲ್ಲಿ ಗೆರೆಗಳು ಮೂಡಿದವು.

ಮೇಲೆ ಒಂದಡಿ, ಬಳ್ಳಿಗಳ ಬೇರು ಹೆಣೆದುಕೊಂಡ ಬೂದು ಮರಳು. ಅದರ ಕೆಳಗೆ ಸುಮಾರು ಮೂರಡಿ ತಿಳಿಯಾದ ಬಿಳಿ ಹೊಯ್ಗೆ. ಅದರೊಳಗೆ ಕಡಲ ಕಡೆಗೆ ಓರೆಯಾಗಿ ಇಳಿಯುವ ಕೂದಲೆಳೆಯಂತಹ ಕಪ್ಪು ಗೆರೆಗಳು. ಅಲೆ ಹಿಂದೆ ಸರಿಯುವಾಗ ಹಗುರ ಮರಳನ್ನು ಒಯ್ದು, ಭಾರದ ಕಪ್ಪು ಕಣಗಳನ್ನು ಬಿಟ್ಟುಹೋಗುತ್ತದೆಯಂತೆ. ಅದಕ್ಕೂ ಕೆಳಗೆ, ಗೋಡೆಯ ಉದ್ದಕ್ಕೂ, ಅಲೆಅಲೆಯಾದ ಒಂದು ಗಡಿ. ಗಡಿಯ ಮೇಲೆಯೇ ಚಿಪ್ಪುಗಳು, ಮುಷ್ಟಿಯಷ್ಟು ಮುರಕಲ್ಲಿನ ತುಂಡುಗಳು, ಒಡೆದ ಹಂಚುಗಳು. ಆಮೇಲೆ ಕಂದುಬಣ್ಣದ ಹಳೆಯ ಮರಳು.

ನಾನು ಹಂಚಿನ ಚೂರೊಂದನ್ನು ತೋರಿಸಿ, "ಇದು ನಾಲ್ಕಡಿಯಲ್ಲಿದೆ. ಅಡಿಗೆ ಇನ್ನೂರೈವತ್ತರಂತೆ ಸಾವಿರ ವರ್ಷವಾಯಿತು, ಆಳುಪರ ಕಾಲದ್ದು" ಎಂದೆ. ಅವನು ನಕ್ಕ. ಅದು ಮಂಗಳೂರು ಹಂಚು. ಬೆನ್ನ ಮೇಲೆ ಅಚ್ಚಿನ ಅಕ್ಷರಗಳು ಅರ್ಧ ಸವೆದು ನಿಂತಿದ್ದವು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಆದ್ದರಿಂದ ಆ ಗಡಿಯೂ ಅದರ ಮೇಲಿನ ನಾಲ್ಕಡಿಯೂ 1865ಕ್ಕಿಂತ ಹಿಂದಿನವಾಗಿರಲು ಸಾಧ್ಯವಿಲ್ಲ. ಎಷ್ಟು ಈಚಿನವು ಎಂಬುದನ್ನು ಹಂಚು ಹೇಳದು; ಹಳೆಯ ಹಂಚು ಹೊಸ ಪದರಕ್ಕೆ ಬೀಳಬಹುದು, ಹೊಸ ಹಂಚು ಹಳೆಯ ಪದರಕ್ಕೆ ತಾನಾಗಿ ಹೋಗಲಾರದು.

"ತಾನಾಗಿ" ಎಂಬ ಮಾತಿಗೆ ಅವನು ಒತ್ತು ಕೊಟ್ಟದ್ದು ಏಕೆಂದು ಮರುಕ್ಷಣವೇ ತಿಳಿಯಿತು. ಹಂಚಿಗಿಂತ ಒಂದಡಿ ಕೆಳಗೆ, ಆ ಕಂದು ಮರಳಿನಲ್ಲಿ, ಬಲೆಯ ನೀಲಿ ನೈಲಾನ್ ದಾರದ ತುಂಡೊಂದು ಇಣುಕುತ್ತಿತ್ತು. ಹಾಗಾದರೆ ಕೆಳಗಿನ ಮರಳು ನೈಲಾನು ಬಂದ ಮೇಲಿನದೇ? ನನಗೆ ಲೆಕ್ಕ ತಪ್ಪಿತು. ಅವನು ಅವಸರಪಡದೆ ದಾರದ ಸುತ್ತ ಸವರಿದ. ಬಳೆಯಗಲದ ಒಂದು ದುಂಡು ಕಲೆ ಕಾಣಿಸಿತು, ಅದರೊಳಗಿನ ಮರಳು ಸಡಿಲ, ಬಣ್ಣ ಬಿಳಿ. ಮೇಲಕ್ಕೆ ಸವರುತ್ತ ಹೋದಂತೆ ಅದು ಓರೆಯಾಗಿ ಬಿಳಿ ಹೊಯ್ಗೆಯವರೆಗೆ ಹೋಯಿತು. ಏಡಿಯ ಬಿಲ! ಮೇಲಿನ ಮರಳು ದಾರವನ್ನೂ ಎಳೆದುಕೊಂಡು ಬಿಲದೊಳಗೆ ಇಳಿದಿತ್ತು. ಏಡಿ, ಹೆಗ್ಗಣ, ತೆಂಗಿನ ಬೇರು, ಕಂಬ ನೆಡುವ ಗುಂಡಿ ಇವೆಲ್ಲ ಪದರಗಳನ್ನು ತೂರಿಕೊಂಡು ಹೋಗುತ್ತವೆ. ಗುಂಡಿ ಯಾವ ಪದರದ ಬಾಯಿಂದ ತೆರೆದಿದೆ ಎಂಬುದನ್ನು ನೋಡಬೇಕೇ ಹೊರತು ಅದರ ತಳ ಎಲ್ಲಿಗೆ ಮುಟ್ಟಿದೆ ಎಂಬುದನ್ನಲ್ಲ.

ಆಮೇಲೆ ಅವನು ಆ ಅಲೆಅಲೆಯಾದ ಗಡಿಯ ಮುಂದೆ ಬಹಳ ಹೊತ್ತು ಕುಳಿತ. ಕೆಳಗಿನ ಕಂದು ಮರಳಿನಲ್ಲಿ ಅಲ್ಲಲ್ಲಿ ಇದ್ದಿಲಿನ ಹುಡಿಯಿತ್ತು. ಹತ್ತಿರದಲ್ಲಿ ಜನವಸತಿ ಇದ್ದುದರ ಗುರುತು. ಅದರ ಮೇಲೆ ಅಂಗಳದ ಗಟ್ಟಿನೆಲ, ಒಲೆಯ ಬೂದಿ, ಕಸದ ಮಣ್ಣು ಬರಬೇಕಿತ್ತು. ಒಂದೂ ಇರಲಿಲ್ಲ. ಗಡಿಯಿಂದ ಮೇಲಕ್ಕೆ ಒಮ್ಮೆಲೇ ಶುದ್ಧ ಕಡಲ ಮರಳು. "ಸರ್, ಇಲ್ಲಿ ಒಂದು ಕಾಲ ಕಾಣೆಯಾಗಿದೆ" ಎಂದ. "ಇಲ್ಲಿ ಮನೆಯಿತ್ತು. ಕಡಲು ಅದರ ನೆಲವನ್ನು ಕೊರೆದು ಹಗುರವಾದದ್ದನ್ನೆಲ್ಲ ಒಯ್ದಿದೆ, ಹಂಚು ಕಲ್ಲುಗಳು ಭಾರಕ್ಕೆ ಕೊರೆದ ಮೈಯ ಮೇಲೆಯೇ ಕುಸಿದು ಕೂತಿವೆ. ಮುಂದೆ ಯಾವಾಗಲೋ ಮರಳು ತಿರುಗಿ ಬಂದು ಮುಚ್ಚಿದೆ. ಈ ಗೆರೆ ಪದರವಲ್ಲ, ಒಂದು ಘಟನೆ."

ನಾನು ಅವನಿಗೆ ಮೊದಲು ಏನನ್ನೂ ಹೇಳಿರಲಿಲ್ಲ. ದೀಪಸ್ತಂಭದ ದಿಕ್ಕನ್ನೂ ಹಿಂದಿನ ತೆಂಗಿನ ಸಾಲನ್ನೂ ನೋಡಿ ಅಂದಾಜಿಸಿದರೆ ಅದು ನನ್ನ ಅಮ್ಮಮ್ಮನ ಮನೆ ಇದ್ದ ಜಾಗ. ನಾನು ಆರನೆಯ ತರಗತಿಯಲ್ಲಿದ್ದಾಗ ಆಷಾಢದ ಒಂದು ರಾತ್ರಿ ಕಡಲು ಅಂಗಳಕ್ಕೆ ಬಂತು. ದನಗಳನ್ನು ಬಿಚ್ಚಿ, ದೇವರ ಪಟವನ್ನೂ ಅಕ್ಕಿಯ ಮುಡಿಯನ್ನೂ ಹೊತ್ತುಕೊಂಡು ಎಲ್ಲರೂ ಹೊರಟೆವು. ಮೂರನೆಯ ದಿನ ಮನೆ ಇರಲಿಲ್ಲ. ಅಮ್ಮಮ್ಮ ಮದುವೆಯಾಗಿ ಬಂದದ್ದು ಆ ಮನೆಗೆ, ಹೆತ್ತದ್ದು ಅಲ್ಲಿ, ಅಜ್ಜನನ್ನು ಕಳುಹಿಸಿಕೊಟ್ಟದ್ದು ಅಲ್ಲಿಂದ. ವಾರಕ್ಕೆರಡು ಸಲ ಸೆಗಣಿ ಸಾರಿಸಿದ ಅಂಗಳ ಅದು. ಆ ನಲವತ್ತು ಐವತ್ತು ವರ್ಷಗಳ ಒಂದು ಬೆರಳು ಮಣ್ಣೂ ಆ ಗೋಡೆಯಲ್ಲಿರಲಿಲ್ಲ. ಗೆರೆಯ ದಪ್ಪ ನೂಲಿನಷ್ಟು. ನಾನು ಹೇಳಿದ ಮೇಲೆ ಅವನು ಕರಣಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ ತನ್ನ ಪುಸ್ತಕದಲ್ಲಿ ಗೋಡೆಯ ಚಿತ್ರ ಬರೆದು, ಪದರಗಳಿಗೆ ಅಂಕೆ ಕೊಡುವಾಗ ಆ ಗೆರೆಗೂ ಒಂದು ಅಂಕೆ ಕೊಟ್ಟ. 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ಎಂಬ ಪುರಾತತ್ತ್ವಜ್ಞ ರೂಪಿಸಿದ ಕ್ರಮವಂತೆ ಅದು: ಇರುವ ಮಣ್ಣಿಗೆ ಮಾತ್ರವಲ್ಲ, ಕೊರೆದುಹೋದ ಮೈಗೂ ಅನುಕ್ರಮದಲ್ಲಿ ತನ್ನದೇ ಸ್ಥಾನ ಕೊಡಬೇಕು. ಎರಡು ಪದರಗಳ ನಡುವೆ ಕಾಲ ಕಾಣೆಯಾಗಿದೆಯೆಂದು ಬರೆದಿಡದಿದ್ದರೆ ಮುಂದೆ ಓದುವವನು ಅವೆರಡನ್ನೂ ಬೆನ್ನುಬೆನ್ನಿಗೆ ಬಂದವೆಂದು ತಿಳಿಯುತ್ತಾನೆ.

ಸವಕಳಿಯ ಮಣ್ಣು ಬರಿದೆ ಕಾಣೆಯಾಗುವುದಿಲ್ಲ, ಬೇರೆಲ್ಲಿಯೋ ಹೋಗಿ ಕೂರುತ್ತದೆ. ಕೂರುವಾಗ ತಲೆಕೆಳಗಾಗಿಯೂ ಕೂರಬಹುದು. ಬಾವಿ ತೋಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಬರುವ ಮೇಲ್ಮಣ್ಣು ರಾಶಿಯ ಅಡಿಗೆ ಬೀಳುತ್ತದೆ, ಕೊನೆಗೆ ಬರುವ ಚಿಪ್ಪು, ಕರಿ ಕೆಸರು ರಾಶಿಯ ನೆತ್ತಿಗೆ. ರಾಶಿಯನ್ನೇ ನೋಡಿ ನೆಲದ ಇತಿಹಾಸ ಬರೆದರೆ ಮೊಮ್ಮಗ ಅಜ್ಜನಾಗುತ್ತಾನೆ. ಗುಡ್ಡವನ್ನು ಮಳೆ ತೊಳೆಯುವಾಗ ನಡೆಯುವುದೂ ಇದೇ. ಗುಡ್ಡದ ಮೇಲಿನ ಹೊಸ ಮಣ್ಣು ಮೊದಲು ಜಾರಿ ಬುಡಕ್ಕೆ ಬರುತ್ತದೆ. ಅದು ತೀರಿದ ಮೇಲೆ ಹಳೆಯ ಮಣ್ಣು ಜಾರಿ ಅದರ ಮೇಲೆ ಕೂರುತ್ತದೆ. ಬುಡದಲ್ಲಿ ಅಗೆದವನಿಗೆ ಹೊಸ ಮಡಕೆ ಕೆಳಗೆ, ಹಳೆಯ ಮಡಕೆ ಮೇಲೆ. ಹಾಗೆ ಜಾರಿ ಬಂದದ್ದನ್ನು ಗುರುತಿಸುವ ದಾರಿಗಳೂ ಇವೆ: ಮಡಕೆಯ ಚೂರುಗಳ ಅಂಚು ಉರುಳಿ ಉರುಳಿ ದುಂಡಾಗಿರುತ್ತದೆ, ಒಂದೇ ಮಡಕೆಯ ತುಂಡುಗಳು ಜೊತೆಯಲ್ಲಿ ಸಿಗುವುದಿಲ್ಲ, ಕಲ್ಲು, ಮಣ್ಣು, ಹುಡಿ ಎಲ್ಲವೂ ಗಾತ್ರದ ಅಂತರವಿಲ್ಲದೆ ಬೆರೆತಿರುತ್ತವೆ. ಗಾಳಿ ತಂದದ್ದಾದರೆ ಇದಕ್ಕೆ ವ್ಯತಿರಿಕ್ತ, ಜರಡಿ ಹಿಡಿದಂತೆ ಕಾಳೆಲ್ಲ ಒಂದೇ ಸಮ. ತಲಕಾಡಿನ ಮರಳನ್ನು ಅಂಗೈಯಲ್ಲಿ ಹಿಡಿದು ನೋಡಿದವರಿಗೆ ಇದು ಗೊತ್ತು. 12ನೆಯ ಶತಮಾನದ ಕೀರ್ತಿನಾರಾಯಣ ದೇವಾಲಯವಿರುವ ಆ ಊರಿನ ಗುಡಿಗಳನ್ನು ಮುಚ್ಚಿದ್ದು ಕಾವೇರಿಯ ಪಾತ್ರದಿಂದ ಗಾಳಿ ಎತ್ತಿ ತಂದ ಮರಳು. ಪಂಚಲಿಂಗ ದರ್ಶನ ಬಂದಾಗಲೆಲ್ಲ ಅದನ್ನು ಎತ್ತಿ ಹಾಕಬೇಕಾಗುತ್ತದೆ. ಅಲಮೇಲಮ್ಮನ ಶಾಪದ ಕತೆ ನನಗೂ ಪ್ರಿಯವೇ. ಆದರೆ ಅಲ್ಲಿ ಒಂದಡಿ ಮರಳಿಗೆ ಎಷ್ಟು ವರ್ಷ ಎಂದು ಕೇಳುವವರು, ಎತ್ತಿ ಹಾಕಿದವರ ಲೆಕ್ಕವನ್ನೂ ಇಟ್ಟುಕೊಂಡಿರಬೇಕು.

ಇಷ್ಟೆಲ್ಲ ಕಲಿತದ್ದಕ್ಕೆ ನಾನು ತೆತ್ತ ಬೆಲೆಯನ್ನು ಇನ್ನು ಹೇಳುತ್ತೇನೆ. ಅದಾಗಿ ಎರಡು ವರ್ಷಕ್ಕೆ, ಹೊಳೆಯಾಚೆಯ ಒಂದು ಗ್ರಾಮದಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಡಿಪಾಯ ತೋಡುವಾಗ ಎಂಟು ಅಡಿಯಲ್ಲಿ ಮಡಕೆಯ ಚೂರುಗಳು ಸಿಕ್ಕಿದವು. ಕ್ಷೇತ್ರದ ಮಹಿಮೆಯ ಪುಸ್ತಿಕೆ ಸಿದ್ಧವಾಯಿತು: ಎಂಟು ಅಡಿ, ಅಡಿಗೆ ಇನ್ನೂರೈವತ್ತು, ಎರಡು ಸಾವಿರ ವರ್ಷಗಳ ಪುರಾತನ ಸನ್ನಿಧಿ. ಮುನ್ನುಡಿ ಬೇಡಲು ಬಂದವನು ನನ್ನ ಬಾಲ್ಯದ ಗೆಳೆಯ, ಒಂದೇ ದೋಣಿಯಲ್ಲಿ ಶಾಲೆಗೆ ಹೊಳೆ ದಾಟುತ್ತಿದ್ದವನು. ಮಾಸ್ತರನಾದ ಮೇಲೆ ಅವನೂ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ.

"ಹ್ವಾಯ್ ಮಾಷ್ಟ್ರೇ, ನಾಲ್ಕ್ ಸಾಲ್ ಬರದ್ ಕೊಟ್ರೆ ಸಾಕ್. ಮಾಷ್ಟ್ರ್ ಬರದ್ರ್ ಅಂದ್ರೆ ಊರಿನವ್ರ್ ನಂಬ್ತ್ರ್."

ಆ ಕೊನೆಯ ಮಾತೇ ನನ್ನ ಕೈಯನ್ನು ಕಟ್ಟಿತು. ಹೋಗಿ ನೋಡಿದೆ. ದೇವಸ್ಥಾನ ಇರುವುದು ಗುಡ್ಡದ ಬುಡದಲ್ಲಿ. ಗುಂಡಿಗೆ ಆಗಲೇ ಕಾಂಕ್ರೀಟು ತುಂಬಿತ್ತು, ಜೆಸಿಬಿ ತೆಗೆದ ಮಣ್ಣು ಗದ್ದೆಯೊಂದನ್ನು ಎತ್ತರಿಸಲು ಹೋಗಿಯಾಗಿತ್ತು. ಚೂರುಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಎಣ್ಣೆ ಸವರಿ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಹೆಚ್ಚಿನವುಗಳ ಅಂಚು ದುಂಡಾಗಿತ್ತು. ಅವು ಗುಡ್ಡದಿಂದ ಉರುಳಿ ಬಂದಿರುವ ಸಾಧ್ಯತೆಯೇ ಹೆಚ್ಚು ಎಂದಷ್ಟೇ ನಾನು ಹೇಳಬಲ್ಲವನಾಗಿದ್ದೆ. ಎರಡು ಸಾವಿರ ವರ್ಷದ್ದಲ್ಲ ಎಂದು ಹೇಳಲೂ ನನಗೆ ಆಧಾರವಿರಲಿಲ್ಲ. ನಮ್ಮ ಸೀಮೆಗೆ ಪ್ರಾಚೀನತೆಯ ಬಡತನವೇನಿಲ್ಲ. ಬಸ್ರೂರು ಬಾರ್ಕೂರುಗಳನ್ನು 14ನೆಯ ಶತಮಾನದಲ್ಲಿಯೇ ಇಬ್ನ್ ಬತೂತಾ ಕಂಡು ಬರೆದಿದ್ದಾನೆ. ಪಾದೂರು ಗುರುರಾಜ ಭಟ್ಟರು ಊರೂರು ಅಲೆದು ಶಾಸನ, ವಿಗ್ರಹಗಳನ್ನು ಪರಿಶೀಲಿಸಿ 1975ರಲ್ಲಿ ತುಳುನಾಡಿನ ಇತಿಹಾಸದ ಬೃಹದ್ಗ್ರಂಥವನ್ನೇ ಕೊಟ್ಟರು. ಅಂತಹವರು ದುಡಿದ ನೆಲದಲ್ಲಿ ಗುಣಾಕಾರದಿಂದ ಇತಿಹಾಸ ಹುಟ್ಟಿಸುವುದು ನನಗೆ ಒಗ್ಗಲಿಲ್ಲ. ಇಲಾಖೆಗೆ ತಿಳಿಸಿರೆಂದೆ, ಎರಡು ಸಾವಿರದ ಸಾಲನ್ನು ತೆಗೆದರೆ ಮುನ್ನುಡಿ ಬರೆಯುತ್ತೇನೆಂದೆ. ಗೆಳೆಯ ಎದ್ದುಹೋದ. ಪುಸ್ತಿಕೆ ಬೇರೆಯವರ ಮುನ್ನುಡಿಯೊಂದಿಗೆ ಪ್ರಕಟವಾಯಿತು. ಬ್ರಹ್ಮಕಲಶಕ್ಕೆ ನನಗೆ ಕರೆಯೋಲೆ ಬರಲಿಲ್ಲ. ಮಾಸ್ತರರಿಗೆ ದೇವರಲ್ಲಿ ನಂಬಿಕೆಯಿಲ್ಲ ಎಂಬ ಸುದ್ದಿ ಸಂತೆಯವರೆಗೆ ಹೋಯಿತು. ದಿನವೂ ದೀಪ ಹಚ್ಚುವ ನನ್ನ ಹೆಂಡತಿಗೆ ಅದರಿಂದ ಬಹಳ ನೋವಾಯಿತು.

ಮೂರು ವರ್ಷ ಅವನು ನಮ್ಮ ಮೆಟ್ಟಿಲು ಹತ್ತಲಿಲ್ಲ. ಕಳೆದ ಚೌತಿಯ ಮರುದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಜಗಲಿಯಲ್ಲಿ ಕುಳಿತು, ಯೋಗಕ್ಷೇಮ ಕೇಳಿ, ಚಹಾ ಮುಗಿದ ಮೇಲೆ ಪಂಚೆಯ ಸೊಂಟದಿಂದ ಹಳೆಯ ಪತ್ರಿಕೆಯ ಪೊಟ್ಟಣವೊಂದನ್ನು ತೆಗೆದ. ಒಳಗೆ ಅಂಗೈಯಗಲದ ಮಡಕೆಯ ಬಾಯಿಯ ತುಂಡು, ಮೈಗೆ ಕೆಂಪು ಮಣ್ಣು ಹಾಗೆಯೇ ಮೆತ್ತಿಕೊಂಡಿತ್ತು. ಗುಂಡಿಯಲ್ಲಿ ಸಿಕ್ಕಿದ ದಿನವೇ ಮನೆಗೆ ಒಯ್ದು ಮಾಡಿನಡಿಯಲ್ಲಿ ಸಿಕ್ಕಿಸಿಟ್ಟಿದ್ದನಂತೆ.

"ಇದನ್ನ್ ತೊಳೀಲಿಲ್ಲೆ ಮಾಷ್ಟ್ರೇ" ಎಂದ.

ಅಂಚು ಹರಿತವಾಗಿತ್ತು. ಉಳಿದವುಗಳಂತೆ ಉರುಳಿ ಬಂದದ್ದಲ್ಲವೇನೋ. ನಾವಿಬ್ಬರೂ ಸೇರಿ ಅದನ್ನು ಹೊಸ ಕಾಗದದಲ್ಲಿ ಸುತ್ತಿ ಚೀಟಿ ಬರೆದೆವು: ಊರು, ಗುಂಡಿಯ ಯಾವ ಮೂಲೆ, ಸಿಕ್ಕಿದ ದಿನ, ಮೇಲಿನ ಮಣ್ಣಿನ ಬಣ್ಣ ಅವನಿಗೆ ನೆನಪಿದ್ದಷ್ಟು. ಆಳ ಎಂಬಲ್ಲಿ ಎಂಟು ಅಡಿ ಎಂದು ಅವನೇ ಬರೆದ. ಕಾಲ ಎಂಬಲ್ಲಿ ಏನನ್ನೂ ಬರೆಯಲಿಲ್ಲ. ಶಿಷ್ಯ ಡಿಸೆಂಬರದ ರಜೆಯಲ್ಲಿ ಬರುತ್ತೇನೆಂದಿದ್ದಾನೆ. ಮೂವರೂ ಸೇರಿ ಆ ಗುಡ್ಡವನ್ನು ಹತ್ತುವುದೆಂದು ಮಾತಾಗಿದೆ. ನನ್ನ ಮೊಣಕಾಲು ಒಪ್ಪಿದರೆ.